ಸಾಕ್ಷಿ ಹಾಕಲು ಬಂದವಳು

ಶಿಡ್ಲಘಟ್ಟದ ಕೋರ್ಟಿನ ಮುಂದೆ
ಟೀ ಅಂಗಡಿಯವನನ್ನು ಕೇಳಿದೆ:
ವಿಲ್ಲು ಬರೆಯುವವರು ಯಾರಪ್ಪ ಇಲ್ಲಿ?
ಲೋಟ ತೊಳೆಯುತ್ತಲೇ ಗದ್ದ ಎತ್ತಿ ತೋರಿಸಿದ.
ಬೋರ್ಡು, ಬೋರ್ಡಿನ ಮೇಲೆ ಬೋರ್ಡು.

ಮೊದಲನೆಯವರ ಹೆಸರಿಗೆ ಉದ್ದದ ಬಾಲ.
ಕೂತ್ಕೊಳ್ಳಿ ಅನ್ನುವ ಮುಂಚೆಯೇ ಕೇಳಿದರು,
ಗಂಡಸರು ಯಾರೂ ಬರಲಿಲ್ಲವಾ?
ಇದ್ದರು ಸ್ವಾಮಿ, ಹೋಗಿ ಹನ್ನೊಂದು ವರ್ಷವಾಯಿತು.
ನಗಲಿಲ್ಲ.
ಅಚ್ಚು ಹಾಕಿಟ್ಟ ಹಾಳೆ ಎಳೆದರು,
ಖಾಲಿ ಜಾಗಕ್ಕೆ ಹೆಸರು ತುಂಬಿದರೆ ಮುಗೀತಂತೆ.
ಐದು ಸಾವಿರ, ಹತ್ತು ನಿಮಿಷ.
ಅರವತ್ತನಾಲ್ಕು ವರ್ಷ ಬದುಕಿದವಳು
ಹತ್ತು ನಿಮಿಷದಲ್ಲಿ ಹಿಡಿಸಲಾರೆ ಅನ್ನಿಸಿ
ಎದ್ದು ಬಂದೆ.

ಎರಡನೆಯವನು ಹೊಂಗೆ ಮರದಡಿಯ ಪತ್ರ ಬರಹಗಾರ.
ಬೆಣ್ಣೆಯಂಥ ಮಾತು.
ಮನೆ ಎಷ್ಟಕ್ಕೆಷ್ಟು, ಖಾತೆ ಯಾರ ಹೆಸರಲ್ಲಿ,
ಶೆಡ್ಡಿನಲ್ಲಿ ಎಷ್ಟು ಬೇಸಿನ್ನು, ಎಲ್ಲ ಗುರುತು ಹಾಕಿಕೊಂಡ.
ಸಂಜೆಗೆ ಮೈದುನನ ಮಕ್ಕಳು ಮೂವರೂ
ಸೇಬು ಹಿಡಿದುಕೊಂಡು ಬಾಗಿಲಲ್ಲಿ.
ದೊಡ್ಡಮ್ಮ, ಹುಷಾರಾಗಿದ್ದೀಯಾ?
ಎದೆಗೆ ಸ್ಟೆಂಟು ಹಾಕಿಸಿ ಮಲಗಿದ್ದಾಗ
ಕಾಣದ ಸೇಬು.
ತಿಂದೆ. ಚೆನ್ನಾಗಿಯೇ ಇದ್ದವು.

ಆಮೇಲೆ ಹದಿನೈದು ದಿನ ಯಾರನ್ನೂ ಕೇಳಲಿಲ್ಲ.
ಮಾರುಕಟ್ಟೆಯಲ್ಲಿ ಒಂದು ಗೂಡೆತ್ತಿ
ಕಿವಿಯ ಹತ್ತಿರ ಅಲುಗಾಡಿಸುತ್ತೇನೆ,
ಒಳಗಿನ ಹುಳು ಹೇಗಿದೆಯೆಂದು ಸದ್ದೇ ಹೇಳುತ್ತದೆ.
ವಕೀಲರನ್ನು ಅಲುಗಾಡಿಸುವುದು ಹೇಗೆ?

ಬಿಪಿ ಮಾತ್ರೆ ಕೊಡುವ ಅಂಗಡಿಯ ಪಾರ್ವತಮ್ಮ
ಚೀಟಿಯ ಹಿಂದೆ ವಿಳಾಸ ಬರೆದುಕೊಟ್ಟಳು.
ಗೊಬ್ಬರದಂಗಡಿಯ ಮೇಲೆ, ಕಡಿದಾದ ಮೆಟ್ಟಿಲು.
ವಕೀಲೆ ನಳಿನಾಕ್ಷಿ ಕೆಟ್ಟ ಸ್ಟ್ಯಾಪ್ಲರನ್ನು ಗುದ್ದುತ್ತಿದ್ದರು.
ಯಾರಿಗೆ ಕೊಡಬೇಕು ಅನ್ನೋದು ಆಮೇಲೆ, ಅಂದರು,
ಯಾರಿಗೆ ಹೆದರುತ್ತೀರಿ, ಅದು ಮೊದಲು ಹೇಳಿ.

ಸದ್ದು ಸರಿಯಿತ್ತು. ಕೂತೆ.

ಫೀಜು ಎಷ್ಟು, ಟೈಪಿಂಗಿಗೆಷ್ಟು, ನೋಂದಣಿಗೆಷ್ಟು,
ಕೇಳುವ ಮುಂಚೆಯೇ ಬರೆದು ಮುಂದಿಟ್ಟರು.
ಬರೆಯದೆ ಹೋದರೆ ಎಲ್ಲ ಗಂಡನ ಕಡೆಗೆ,
ಬರೆದ ಮೇಲೂ ಉಸಿರಿರುವ ತನಕ ಬದಲಾಯಿಸಬಹುದು.
ಮಗಳ ಹಾಗೆ ಅಂತ ಮಾತ್ರ ಬರೆಸಬೇಡಿ,
'ಹಾಗೆ' ಅನ್ನೋದು ಕೋರ್ಟಿಗೆ ಕಾಣಿಸೋದಿಲ್ಲ.
ಹೆಸರು, ತಂದೆ ಹೆಸರು, ವಯಸ್ಸು,
ಯಾಕೆ ಕೊಡುತ್ತೀರಿ, ಅದೂ.

ಯಾಕೆ?
ಇಪ್ಪತ್ತೆರಡು ವರ್ಷ ನನ್ನ ಪಕ್ಕದ ಬೇಸಿನ್ನಿನಲ್ಲಿ
ಕುದಿವ ನೀರಿಗೆ ಬೆರಳದ್ದಿ ಎಳೆ ಹುಡುಕಿದವಳು ರಮೀಜಾ.
ಬೆರಳ ತುದಿಯಲ್ಲಿ ಗೆರೆ ಉಳಿದಿಲ್ಲ.
ಪಡಿತರದಂಗಡಿಯ ಮಿಷನ್ನು
ಅವಳನ್ನು ಅವಳೆಂದು ಒಪ್ಪುವುದಿಲ್ಲ.
ಅದಕ್ಕೇ ಹೋದ ವರ್ಷ ಹಟ ಹಿಡಿದು ಸಹಿ ಕಲಿತಳು,
ಸುಣ್ಣದ ಗೋಡೆಯ ತುಂಬ ಇದ್ದಿಲಲ್ಲಿ
ರಮೀಜಾ ರಮೀಜಾ ರಮೀಜಾ.

ಸಹಿ ಹಾಕುವ ದಿನ ನನ್ನ ಚೀಲ ಹೊತ್ತು
ಅವಳೇ ಜೊತೆಗೆ ಬಂದಿದ್ದಳು,
ಒಗೆದ ದುಪಟ್ಟಾ, ಹೊಸ ಪೆನ್ನು.
ಡಾಕ್ಟರು ಬಂದರು, ಜೆರಾಕ್ಸ್ ಅಂಗಡಿಯ ಬಚ್ಚಪ್ಪ ಬಂದ.
ಅಕ್ಕಾ, ನಾನೂ ಸಾಕ್ಷಿ ಹಾಕುತ್ತೇನೆ,
ಪೆನ್ನಿನ ಮುಚ್ಚಳ ತೆಗೆದೇಬಿಟ್ಟಳು.
ನಳಿನಾಕ್ಷಿ ಅವಳ ಕೈ ಮೆಲ್ಲಗೆ ತಡೆದು,
ನೀವು ಕೆಳಗೆ ಕೂತಿರಮ್ಮ, ಅಂದರು.

ರಮೀಜಾ ನನ್ನ ಮುಖ ನೋಡಿದಳು.
ನಾನು ಕಾಗದ ನೋಡಿದೆ.
ಒಂದೊಂದೇ ಮೆಟ್ಟಿಲಿಳಿದು ಹೋದ ಚಪ್ಪಲಿ ಸದ್ದು
ಯಾವ ಪುಟದಲ್ಲೂ ದಾಖಲಾಗಲಿಲ್ಲ.

ಈಗಲೇ ಹೇಳಬೇಡಿ, ಅಂದರು ವಕೀಲರು,
ಸೇಬಿನ ಕಥೆ ಕೇಳಿದ್ದವರು.

ದಾರಿಯುದ್ದಕ್ಕೂ ಮಾತಿಲ್ಲ.
ಬೋಂಡ ಕೊಡಿಸಿದೆ, ಹಸಿವಿಲ್ಲ ಅಂದಳು.
ನನ್ನ ಸಹಿ ಅಷ್ಟು ಕೆಟ್ಟದಾ ಅಕ್ಕಾ?
ಇಲ್ಲ ಕಣೇ, ಅಂದೆ. ಇಲ್ಲ.
ಅದಕ್ಕಿಂತ ಮುಂದಿನ ಮಾತು
ಗೊಬ್ಬರದಂಗಡಿಯ ಮೇಲೆ, ಕಬ್ಬಿಣದ ಬೀರುವಿನಲ್ಲಿ.

ಬೆಳಿಗ್ಗೆ ಬೇಸಿನ್ನಿನಲ್ಲಿ ನೀರು ಕಾದಿತ್ತು.
ನನಗೆ ಎಳೆ ಸಿಗುತ್ತಿರಲಿಲ್ಲ.
ಮುಖ ತಿರುಗಿಸಿಕೊಂಡೇ
ಕೈ ಮಾತ್ರ ಈಚೆ ಚಾಚಿ
ಹುಡುಕಿಕೊಟ್ಟಳು.